ಎಂ.ಎಸ್ಸಿ. ಸೇರುವ ಮುಂಚೆ: ಹಾಸ್ಟೆಲಾ, ಪಿಜಿನಾ, ಮನೆಯಿಂದಲೇ ಓಡಾಟನಾ?

ಕೆಲಸ ಬಿಟ್ಟು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್‌ಗೆ ಓದಲು ಬರುವವರಿಗೆ ನಾನು ಹೇಳುವುದು ಹಾಸ್ಟೆಲ್ ಅಂತಲೇ. ಸಂಬಳ ನಿಂತ ಮೇಲೆ ಉಳಿತಾಯ ಬೇಗ ಕರಗುತ್ತದೆ, ಹಾಸ್ಟೆಲ್‌ನಲ್ಲಿ ಖರ್ಚು ಕಡಿಮೆ. ಲ್ಯಾಬ್ ತಡವಾದರೂ ಚಿಂತೆಯಿಲ್ಲ. ಆದರೆ ಒಂಟಿಯಾಗಿ ಇದ್ದು ರೂಢಿಯಾದವರಿಗೆ ಕೋಣೆ ಹಂಚಿಕೊಳ್ಳುವುದು ಕಷ್ಟ, ಅಲ್ವಾ?

ಪಿಜಿ ಬೇಗ ಸಿಗುತ್ತದೆ, ಖರ್ಚು ಜಾಸ್ತಿ. ಬಿಡುವಾಗ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು ಎಂದು ಬರೆಸಿಕೊಳ್ಳಿ. ಭಾನುವಾರ ರಾತ್ರಿ ಊಟ ಇದೆಯಾ ಅಂತಲೂ ಕೇಳಿ.

ಮನೆ ನೇರಳೆ ಮೆಟ್ರೋ ಮಾರ್ಗದ ಹತ್ತಿರವಿದ್ದರೆ ಓಡಾಟವೂ ಆಗುತ್ತದೆ. 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್–ಚಲ್ಲಘಟ್ಟ ನೇರ ರೈಲಿದೆ, ಜ್ಞಾನಭಾರತಿ ನಿಲ್ದಾಣವೂ ಇದೆ. ಕ್ಯಾಂಪಸ್ ದೊಡ್ಡದು, ನಿಲ್ದಾಣದಿಂದ ನಿಮ್ಮ ವಿಭಾಗಕ್ಕೆ ತರಗತಿ ಶುರುವಾಗುವ ಮುಂಚೆಯೇ ಒಮ್ಮೆ ಹೋಗಿ ನೋಡಿ.