ಬಳ್ಳಾರಿಯವರೇ ಎಚ್ಚರ: ಟ್ಯಾಬ್ ಆನ್ ಆಗದಿದ್ದರೆ ‘ಬೋರ್ಡ್ ಹೋಗಿದೆ’ ಅನ್ನೋ ಮಾತು ನಂಬಬೇಡಿ

ಬಳ್ಳಾರಿಯಲ್ಲಿ ಮೊಬೈಲ್, ಟ್ಯಾಬ್ ರಿಪೇರಿಗೆ ಕೊಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಕಂಪನಿ ಸಾಫ್ಟ್‌ವೇರ್ ತೆಗೆದು ಲಿನೇಜ್ ಓಎಸ್ (ಆಂಡ್ರಾಯ್ಡ್ ಕೋಡಿನಿಂದಲೇ ಮಾಡಿದ, ಪುಕ್ಕಟೆ ಸಿಗೋ ಬೇರೆ ಸಾಫ್ಟ್‌ವೇರ್) ಹಾಕಿಸಿಕೊಂಡವರು ಇನ್ನೊಂದು ಸಲ ಓದಿ. ನನ್ನ 5,800 ರೂಪಾಯಿ ಹೋಯ್ತು. ಹೋಗಲಿ, ದುಡ್ಡು ದುಡಿಯಬಹುದು. ಹಾಕದೇ ಇರೋ ಮದರ್‌ಬೋರ್ಡಿಗೆ ನನ್ನ ಕೈಯಿಂದಲೇ ನೋಟು ಎಣಿಸಿಕೊಂಡರಲ್ಲ, ಅದು ಹೊಟ್ಟೆ ಉರಿಸುತ್ತೆ. ದೂರು ಕೊಟ್ಟಿದ್ದೇನೆ, ಹಾಗಾಗಿ ಅಂಗಡಿ ಹೆಸರು ಇಲ್ಲಿ ಬರೆಯಲ್ಲ.

ನಮ್ಮದು ಕೌಲ್ ಬಜಾರ್ ಕಡೆ ಸಣ್ಣ ಜೀನ್ಸ್ ಹೊಲಿಗೆ ಯೂನಿಟ್. ಟ್ಯಾಬ್ ಮೆಷಿನ್‌ಗಳ ಪಕ್ಕದ ಟೇಬಲ್ ಮೇಲೇ ಇರುತ್ತೆ. ಯಾವ ಲಾಟ್ ವಾಶಿಂಗ್‌ಗೆ ಹೋಯ್ತು, ಯಾವ ಪಾರ್ಟಿಗೆ ಯಾವ ಶೇಡ್, ಯಾರು ಎಷ್ಟು ಪೀಸ್ ಹೊಲಿದರು, ಎಲ್ಲ ಅದರಲ್ಲೇ. ಗ್ಯಾಲಕ್ಸಿ ಟ್ಯಾಬ್ ಎಸ್5ಇ, 2019ರ ಮಾಡೆಲ್. ಬರೀ ವೈಫೈ ಇರೋದು, ಸಿಮ್ ಹಾಕೋಕೆ ಆಗಲ್ಲ. ಈ ಸಿಮ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಕಂಪನಿಯಿಂದ ಹೊಸ ಆಂಡ್ರಾಯ್ಡ್ ಬರೋದು ನಿಂತ ಮೇಲೆ ಅಕ್ಕನ ಮಗ ಲಿನೇಜ್ ಹಾಕಿಕೊಟ್ಟಿದ್ದ. ಓಪನ್ ಸೋರ್ಸ್, ಒಂದು ಪೈಸೆ ಕೊಡಬೇಕಾಗಿಲ್ಲ. 2016ರ ಕೊನೆಯಲ್ಲಿ ಸಯಾನೋಜೆನ್‌ಮಾಡ್ ಅನ್ನೋ ಇಂಥದ್ದೇ ಸಾಫ್ಟ್‌ವೇರ್ ಬಾಗಿಲು ಹಾಕಿದಾಗ ಅದರ ಕೋಡ್ ಇಟ್ಟುಕೊಂಡು ಶುರುವಾದದ್ದು ಇದು. ಚೆನ್ನಾಗೇ ಓಡ್ತಿತ್ತು. ಲಿನೇಜ್ ಮೇಲೆ ನನಗೆ ಈಗಲೂ ಸಿಟ್ಟಿಲ್ಲ.

ಒಂದು ದಿನ ಅಪ್‌ಡೇಟ್ ಆಗ್ತಿರುವಾಗ ಟ್ಯಾಬ್ ಆಫ್ ಆಯ್ತು. ಮತ್ತೆ ಆನ್ ಮಾಡಿದರೆ ಲೋಗೊ ಬರುತ್ತೆ, ಗೆರೆ ಮೇಲೆ ಆ ಗುಂಡು ಓಡಾಡುತ್ತೆ, ಓಡಾಡುತ್ತಲೇ ಇರುತ್ತೆ. ಮುಂದಕ್ಕೆ ಹೋಗಲ್ಲ. ಆಮೇಲೆ ತಾನಾಗೇ ರಿಕವರಿ ಪರದೆ ಬಂತು, ಅಂದರೆ ಸಾಫ್ಟ್‌ವೇರ್ ಕೈಕೊಟ್ಟಾಗ ಸರಿಮಾಡೋಕೆ ಇರೋ ಪರದೆ. ಆಂಡ್ರಾಯ್ಡ್ ಲೋಡ್ ಆಗ್ತಿಲ್ಲ, ಡೇಟಾ ಕೆಟ್ಟಿರಬಹುದು ಅಂತ ಇಂಗ್ಲಿಷಲ್ಲಿ ಬರಹ. ಕೆಳಗೆ ಎರಡೇ ದಾರಿ: ಒಂದು ಟ್ರೈ ಅಗೇನ್, ಇನ್ನೊಂದು ಫ್ಯಾಕ್ಟರಿ ಡೇಟಾ ರೀಸೆಟ್. ಎರಡನೆಯದು ಒತ್ತಿದರೆ ಎಲ್ಲ ಅಳಿಸಿ ಹೋಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ಒತ್ತಲಿಲ್ಲ. ಅದಕ್ಕೇ ಅಂಗಡಿಗೆ ಹೋದೆ. ಅಕ್ಕನ ಮಗನ ಫೋನ್ ಆವತ್ತು ಸ್ವಿಚ್ ಆಫ್, ಪರೀಕ್ಷೆ ಅಂತೆ. ಇತ್ತ ವಾರದ ಬಟವಾಡೆ ತಲೆ ಮೇಲೆ ಕೂತಿತ್ತು.

ಅಂಗಡಿ ದೊಡ್ಡದೇ. ಎಸಿ, ಗಾಜಿನ ಬಾಗಿಲು, ಒಳಗೆ ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂತ ಹುಡುಗರು. ಮಾಲೀಕ ಟ್ಯಾಬ್ ಆನ್ ಮಾಡಿ ನೋಡಿದ, ತಲೆ ಆಡಿಸಿದ. “ಅಣ್ಣ, ಇದಕ್ಕೆ ಹ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿದ್ದಾರೆ. ಬೋರ್ಡ್ ಸುಟ್ಟಿರುತ್ತೆ. ಚೆಕಿಂಗ್ ಚಾರ್ಜ್ 300 ಆಗುತ್ತೆ, ಸಂಜೆ ಹೇಳ್ತೀನಿ” ಅಂದ. ನಾನು ಅಲ್ಲೇ ಹೇಳಿದೆ, ಒಳಗಿರೋ ಫೋಟೊ, ಲೆಕ್ಕ ಹೋಗಬಾರದು, ಅಳಿಸೋ ಹಾಗಿದ್ದರೆ ಮೊದಲು ನನಗೆ ಫೋನ್ ಮಾಡಿ ಅಂತ. “ಡೇಟಾ ನಮ್ಮ ಜವಾಬ್ದಾರಿ ಅಣ್ಣ, ಟೆನ್ಷನ್ ತಗೋಬೇಡಿ.” ಇದೇ ಮಾತು. ಪಕ್ಕದಲ್ಲಿ ನಮ್ಮ ಕಟಿಂಗ್ ಮಾಸ್ಟರ್ ನಿಂತಿದ್ದರು, ಅವರೂ ಕೇಳಿಸಿಕೊಂಡಿದ್ದಾರೆ.

ಸಂಜೆ ವಾಟ್ಸಾಪ್ ಬಂತು. ಮದರ್‌ಬೋರ್ಡ್ ಹೋಗಿದೆ, ಬದಲಾಯಿಸಬೇಕು, 6,500. ನಾನು ಚೌಕಾಸಿ ಮಾಡಿ 5,800ಕ್ಕೆ ಇಳಿಸಿದೆ. ಇಳಿಸಿದ್ದಕ್ಕೆ ಖುಷಿ ಬೇರೆ ಪಟ್ಟೆ! ಅದನ್ನ ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತೆ.

ಟ್ಯಾಬ್ ತರೋಕೆ ಹೋದಾಗ ಆನ್ ಆಗಿತ್ತು. ಆದರೆ ಹೊಸ ಟ್ಯಾಬ್ ಕೊಂಡಾಗ ಕೇಳುತ್ತಲ್ಲ, ಭಾಷೆ ಯಾವುದು, ವೈಫೈ ಯಾವುದು ಅಂತ, ಆ ಪರದೆ. “ಡೇಟಾ ಎಲ್ಲಿ?” ಅಂದೆ. “ಬೋರ್ಡ್ ಹೋದ ಮೇಲೆ ಡೇಟಾ ಎಲ್ಲಿರುತ್ತೆ ಅಣ್ಣ? ಬೇಕಂದ್ರೆ ರಿಕವರಿ ಮಾಡಿಸಿಕೊಡ್ತೀನಿ, ಬೆಂಗಳೂರಿಗೆ ಕಳಿಸಬೇಕು, 2,500 ಆಗುತ್ತೆ.” ಅಲ್ವಾ, ಮೊದಲು ಜವಾಬ್ದಾರಿ ಅಂದವನು ಇವನೇ. ಅಷ್ಟರಲ್ಲಿ ಟ್ಯಾಬ್ ಆಫ್ ಮಾಡಿ ಆನ್ ಮಾಡಿ ತೋರಿಸಿದ. ಮೊದಲು ಬರುವ ಎಚ್ಚರಿಕೆ ಪರದೆ ಬಂತು, ಬೂಟ್‌ಲೋಡರ್ (ಟ್ಯಾಬ್ ಆನ್ ಮಾಡಿದಾಗ ಓಎಸ್ ಎಬ್ಬಿಸೋ ಸಣ್ಣ ಪ್ರೋಗ್ರಾಂ) ಅನ್‌ಲಾಕ್ ಆಗಿದೆ ಅಂತ. “ನೋಡಿ, ಇದು ಇನ್ನೂ ವೈರಸ್ ಇದೆ ಅಂತ ತೋರಿಸ್ತಿದೆ. ಇದನ್ನ ಪರ್ಮನೆಂಟಾಗಿ ತೆಗೆಯೋಕೆ 1,500” ಅಂದ. ಅದನ್ನು ಸದ್ಯ ಬೇಡ ಅಂದೆ. 5,800 ಕೊಟ್ಟೆ. ಬಿಲ್ ಕೇಳಿದರೆ ಒಂದು ಚೀಟಿ ಹರಿದುಕೊಟ್ಟ. ಜಿಎಸ್‌ಟಿ ನಂಬರ್ ಇಲ್ಲ, ಅಂಗಡಿ ಸೀಲ್ ಇಲ್ಲ, ‘ಎಂಬಿ ಚೇಂಜ್’ (ಮದರ್‌ಬೋರ್ಡ್ ಬದಲಾವಣೆ) ಅಂತ ಬರೆದು ಮೊತ್ತ ಹಾಕಿದ್ದ, ಅಷ್ಟೇ.

ರಾತ್ರಿ ಅಕ್ಕನ ಮಗ ಫೋನ್ ಮಾಡಿದ. ನಾನು ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ: “ಮಾಮ, ಆನ್ ಮಾಡಿದಾಗ ಬೂಟ್‌ಲೋಡರ್ ಎಚ್ಚರಿಕೆ ಬರುತ್ತಾ?” ಬರುತ್ತೆ ಅಂದೆ. “ಒಳಗೆ ಲಿನೇಜ್ ಇದೆಯಾ?” ಇದೆ ಅಂದೆ. “ಹಾಗಾದ್ರೆ ಬೋರ್ಡ್ ಬದಲಾಯಿಸೇ ಇಲ್ಲ ಮಾಮ.”

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬೂಟ್‌ಲೋಡರ್ ಅನ್‌ಲಾಕ್ ಆಗಿದೆಯೋ ಇಲ್ಲವೋ ಅನ್ನೋದು ಬೋರ್ಡಿನಲ್ಲೇ ಇರೋ ವಿಷಯ. ಓಎಸ್ ಕೂಡ ಬೋರ್ಡಿನ ಮೇಲಿರೋ ಮೆಮೊರಿಯಲ್ಲೇ ಕೂತಿರುತ್ತೆ. ಕಂಪನಿಯ ಬೇರೆ ಬೋರ್ಡ್ ಹಾಕಿದ್ದರೆ ಅದು ಲಾಕ್ ಆಗಿಯೇ ಬರಬೇಕಿತ್ತು, ಕಂಪನಿ ಸಾಫ್ಟ್‌ವೇರೇ ಇರಬೇಕಿತ್ತು. ಎಚ್ಚರಿಕೆಯೂ ಇರಲ್ಲ, ಲಿನೇಜೂ ಇರಲ್ಲ. ಅಂದರೆ 1,500 ಕೊಟ್ಟು ತೆಗೆಸಿ ಅಂದನಲ್ಲ, ಆ ಪರದೆಯೇ ಅವನ ಸುಳ್ಳಿಗೆ ಸಾಕ್ಷಿ! ವೈರಸ್ಸೂ ಅಲ್ಲ, ಮಣ್ಣೂ ಅಲ್ಲ. ಅನ್‌ಲಾಕ್ ಮಾಡಿದ ಸ್ಯಾಮ್‌ಸಂಗ್ ಟ್ಯಾಬ್‌ನಲ್ಲಿ ಅದು ಪ್ರತಿ ಸಲ ಬರುತ್ತೆ, ಪವರ್ ಬಟನ್ ಒತ್ತಿದರೆ ಮುಂದೆ ಹೋಗುತ್ತೆ. ನಾನು ದಿನಾ ನೋಡ್ತಿದ್ದ ಪರದೆ ಅದು.

ಸೆಟ್ಟಿಂಗ್ಸ್‌ಗೆ ಹೋಗಿ ಸೀರಿಯಲ್ ನಂಬರ್ ನೋಡಿದೆ. ಡಬ್ಬದ ಮೇಲಿರೋ ನಂಬರೇ. ಆಮೇಲೆ ಟ್ಯಾಬ್ ತಿರುಗಿಸಿ ಟ್ಯೂಬ್‌ಲೈಟ್ ಕೆಳಗೆ ಹಿಡಿದೆ. ನಮ್ಮ ಯೂನಿಟ್‌ನಲ್ಲಿ ಡೆನಿಮ್ ಕತ್ತರಿಸುವಾಗ ನೀಲಿ ನೂಲಿನ ಧೂಳು ಏಳುತ್ತೆ. ಅದು ಎಲ್ಲದರ ಮೇಲೂ ಕೂರುತ್ತೆ. ಟ್ಯಾಬ್‌ನ ಗಾಜಿಗೂ ಫ್ರೇಮಿಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತಲ್ಲ, ಅದರ ತುಂಬ ಆ ನೀಲಿ ಗೆರೆ ಗಟ್ಟಿಯಾಗಿ ಕೂತಿದೆ. ನಾಲ್ಕೂ ಕಡೆ. ಎಲ್ಲೂ ಕಿತ್ತಿಲ್ಲ. ಈ ಟ್ಯಾಬ್ ಬಿಚ್ಚಬೇಕಂದ್ರೆ ಅಂಟು ಕಾಯಿಸಿ, ಆ ಸಂದಿಗೇ ಪಟ್ಟಿ ತೂರಿಸಿ ಪರದೆ ಎಬ್ಬಿಸಬೇಕು. ಹೊರಗೆ ಸ್ಕ್ರೂ ಇಲ್ಲ. ಬಿಚ್ಚೇ ಇಲ್ಲ ಅಂದ ಮೇಲೆ ಬೋರ್ಡ್ ಎಲ್ಲಿಂದ ಒಳಗೆ ಹೋಯ್ತು?

ಮರುದಿನ ಬೆಳಿಗ್ಗೆ ಹೋದೆ. ಮಾಲೀಕ ನಗುನಗುತ್ತಾ, “ಅಣ್ಣ, ಬೋರ್ಡ್ ಹಾಕಿದ್ದೀವಿ, ಹಳೇದು ಬೇಕಾ?” ಅಂತ ಡ್ರಾಯರ್ ಎಳೆದು ಒಂದು ಹಸಿರು ಬೋರ್ಡ್ ಕೌಂಟರ್ ಮೇಲಿಟ್ಟ. “ಇದೇ ನಿಮ್ಮದು.” ನೋಡಿದೆ. ಅದರ ಮೇಲೆ ಎರಡು ಸಿಮ್ ಕೂರಿಸೋ ಖಾನೆ. ನನ್ನದು ವೈಫೈ ಟ್ಯಾಬ್. ಯಾವುದೋ ಮೊಬೈಲಿನ ಬೋರ್ಡ್ ತೆಗೆದು ನನ್ನ ಮುಂದೆ ಇಟ್ಟಿದ್ದಾನೆ! “ಸಿಮ್ಮೇ ಇಲ್ಲದ ಟ್ಯಾಬಿಗೆ ಎರಡು ಸಿಮ್ ಎಲ್ಲಿಂದ ಬಂತು?” ಅಂದೆ. “ಕೆಲವು ಮಾಡೆಲ್ ಹಾಗೇ ಬರುತ್ತೆ ಅಣ್ಣ, ಒಳಗಡೆ ಇರುತ್ತೆ, ಹೊರಗೆ ಕೊಡಲ್ಲ.” ಕೇಳಿದಿರಾ ಉತ್ತರ?

ಅಷ್ಟರಲ್ಲಿ ಒಳಗೆ ಕೂತಿದ್ದ ಹುಡುಗ, ಇದು ಯಾವ ಟ್ಯಾಬ್ ಅಂತ ಮಾಲೀಕ ಕಣ್ಣಲ್ಲೇ ಕೇಳಿದ್ದಕ್ಕೆ, “ರೀಸೆಟ್ ಕೊಡಿತೇ ಸರಿಪೋಯಿಂದಿ ಅನ್ನಾ, ಅದಿ” ಅಂದ. ರೀಸೆಟ್ ಹೊಡೆದ ತಕ್ಷಣ ಸರಿಹೋಯ್ತು ಅಣ್ಣ, ಅದೇ ಅದು ಅಂತ. ಬಳ್ಳಾರಿಯಲ್ಲಿ ಕೂತು ತೆಲುಗಲ್ಲಿ ಹೇಳಿದರೆ ಗಿರಾಕಿಗೆ ತಿಳಿಯಲ್ಲ ಅಂದುಕೊಂಡನಲ್ಲ, ಅವನಿಗೆ ಏನು ಹೇಳೋಣ. ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ರಿಕವರಿ ಪರದೆಯಲ್ಲಿ ನಾನು ಬೇಕಂತಲೇ ಒತ್ತದೆ ಬಿಟ್ಟ ಆ ಎರಡನೇ ಸಾಲು. ಅದನ್ನು ಒತ್ತಿದ್ದಾನೆ. ಅದಕ್ಕೆ 5,800. ಒಂದು ಬಟನ್ ಒತ್ತಿದ್ದಕ್ಕೆ!

ಜೋರು ಮಾಡಿದೆ. ಅಂಗಡಿ ತುಂಬ ಜನ. ಆಗ ಮಾತು ಬದಲಾಯ್ತು. “ಬೋರ್ಡ್ ಅಂದ್ರೆ ಬೋರ್ಡ್ ರಿಪೇರಿ ಅಂತ ಅರ್ಥ ಸರ್.” ಅಣ್ಣ ಹೋಗಿ ಸರ್ ಬಂತು. “ಐಸಿಗೆ ಹೀಟ್ ಕೊಟ್ಟಿದ್ದೀವಿ.” ಐಸಿ ಅಂದ್ರೆ ಬೋರ್ಡ್ ಮೇಲಿರೋ ಚಿಪ್. ಬಿಚ್ಚದೇ ಹೀಟ್ ಹೇಗೆ ಕೊಟ್ಟೆ ಅಂದರೆ, “ಅದು ನಿಮಗೆ ಅರ್ಥ ಆಗಲ್ಲ ಸರ್, ಟೆಕ್ನಿಕಲ್.” ಕೊನೆಗೆ, “ಹ್ಯಾಕ್ ಸಾಫ್ಟ್‌ವೇರ್ ಹಾಕಿದವರು ನೀವು, ಪೊಲೀಸರಿಗೆ ಹೇಳಿದರೆ ನಿಮಗೇ ತೊಂದರೆ.” ಹೆದರಿಸ್ತಾನೆ ನೋಡಿ. ನನ್ನ ದುಡ್ಡಿನ ಟ್ಯಾಬಿಗೆ ನಾನು ಓಪನ್ ಸೋರ್ಸ್ ಓಎಸ್ ಹಾಕಿಕೊಂಡರೆ ಅದು ಕಳ್ಳತನ ಅಲ್ಲ. ಆಂಡ್ರಾಯ್ಡ್‌ನ ಕೋಡೇ ಎಲ್ಲರಿಗೂ ತೆರೆದಿಟ್ಟ ಕೋಡ್. ಸ್ಯಾಮ್‌ಸಂಗ್‌ನಲ್ಲಿ ಹೀಗೆ ಮಾಡಿದರೆ ನಾಕ್ಸ್ ಅನ್ನೋ ಭದ್ರತೆ ವ್ಯವಸ್ಥೆಯ ಗುರುತು ಶಾಶ್ವತವಾಗಿ ಬದಲಾಗುತ್ತೆ, ವಾರಂಟಿಗೆ ಪೆಟ್ಟು ಬೀಳುತ್ತೆ, ನಿಜ. ಪೊಲೀಸರಿಗೆ ಅದರಲ್ಲಿ ಏನು ಕೆಲಸ?

ಇನ್ನು 2,500ರ ಡೇಟಾ ರಿಕವರಿ. ಅದೂ ಸುಳ್ಳು. ಈ ಟ್ಯಾಬ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತೆ. ರೀಸೆಟ್ ಆದಾಗ ಅದರ ಕೀ ಹೋಗುತ್ತೆ. ಕೀ ಹೋದ ಮೇಲೆ ಬೆಂಗಳೂರಿಗೆ ಕಳಿಸಿದರೂ ಅಷ್ಟೇ, ಅಮೆರಿಕಕ್ಕೆ ಕಳಿಸಿದರೂ ಅಷ್ಟೇ. ಕೊಟ್ಟಿದ್ದರೆ ಅದೂ ಗೋವಿಂದ.

ಪೀಸ್ ಲೆಕ್ಕ ಹೋಗಿದ್ದಕ್ಕೆ ಆ ವಾರ ನಾನು ಪಟ್ಟ ಅವಸ್ಥೆ ನನಗೇ ಗೊತ್ತು. ಹೊಲಿಯೋ ಅಕ್ಕಂದಿರು ತಮ್ಮ ತಮ್ಮ ನೋಟ್‌ಬುಕ್ ತಂದು ತೋರಿಸಿದರು, ಅದನ್ನೇ ನಂಬಿ ಕೊಟ್ಟೆ. ಒಬ್ಬರು, “ಅಣ್ಣ, ಹೋದ ವಾರ ನೀವು ಬರೆದಿದ್ದು ನನಗಿಂತ ಹತ್ತು ಪೀಸ್ ಜಾಸ್ತಿ ಇತ್ತು” ಅಂತ ತಾವೇ ಹೇಳಿದರು. ಎಸಿ ಅಂಗಡಿಯವನಿಗಿಂತ ಇವರು ಎಷ್ಟೋ ವಾಸಿ. ವಾಶ್ ಸ್ಯಾಂಪಲ್ ಫೋಟೊ ಮಾತ್ರ ಹೋದವು, ಪಾರ್ಟಿಗಳ ಹತ್ತಿರ ಮತ್ತೆ ಕೇಳಿ ತರಿಸಿಕೊಳ್ಳುತ್ತಿದ್ದೇನೆ.

ಅಕ್ಕನ ಮಗ ಹೇಳೋ ಪ್ರಕಾರ ಮಾಡಬೇಕಿದ್ದದ್ದು ಇಷ್ಟು. ಆಫ್ ಮಾಡಿ ಪವರ್ ಮತ್ತು ವಾಲ್ಯೂಮ್ ಅಪ್ ಒಟ್ಟಿಗೆ ಹಿಡಿದರೆ ರಿಕವರಿ ಬರುತ್ತೆ. ಅಲ್ಲಿ ಅಪ್ಲೈ ಅಪ್‌ಡೇಟ್ ಒತ್ತಿ, ಕಂಪ್ಯೂಟರಿಗೆ ಕೇಬಲ್ ಹಾಕಿ, ಅದೇ ಲಿನೇಜ್ ಜಿಪ್ ಫೈಲ್ ಮತ್ತೆ ಸೈಡ್‌ಲೋಡ್ ಮಾಡಬೇಕು, ಅಂದರೆ ಕಂಪ್ಯೂಟರಿಂದ ಕೇಬಲ್ ಮೂಲಕ ಟ್ಯಾಬಿಗೆ ಹಾಕಬೇಕು. ಅಪ್‌ಡೇಟ್ ಅರ್ಧಕ್ಕೆ ನಿಂತದ್ದಾದರೆ ಡೇಟಾ ಇದ್ದ ಹಾಗೇ ಇದ್ದು ಟ್ಯಾಬ್ ಏಳೋ ಸಾಧ್ಯತೆ ಜಾಸ್ತಿ. ಕಂಪ್ಯೂಟರಲ್ಲಿ 47 ಪರ್ಸೆಂಟ್‌ಗೆ ನಿಂತು ಏನೋ ಫೇಲ್ ಅಂತ ತೋರಿಸಿದರೂ ಗಾಬರಿ ಬೇಡ, ಕೊನೆಯಲ್ಲಿ ಸಕ್ಸೆಸ್ ಅಂತಿದ್ದರೆ ಸರಿಯಾಗೇ ಆಗಿದೆ. ಆಮೇಲೆ ಮೊದಲ ಸಲ ಆನ್ ಆಗೋಕೆ ಹೊತ್ತು ಹಿಡಿಯುತ್ತೆ, ಸುಮ್ನೆ ಬಿಡಬೇಕು. ರೀಸೆಟ್ ಕಟ್ಟಕಡೆಗೆ. ಅದನ್ನು ಮನೆಯಲ್ಲೇ ಪುಕ್ಕಟೆ ಒತ್ತಬಹುದು, 5,800 ಬೇಕಿಲ್ಲ.

ಅಂಗಡಿಗೆ ಕೊಡಲೇಬೇಕಾ? ‘ಕೇಳದೆ ರೀಸೆಟ್ ಮಾಡಬಾರದು’ ಅಂತ ಚೀಟಿಯಲ್ಲಿ ಅವರ ಕೈಯಲ್ಲೇ ಬರೆಸಿ. ಬೋರ್ಡ್ ಹೋಗಿದೆ ಅಂದರೆ ನಿಮ್ಮ ಕಣ್ಣ ಮುಂದೆ ಬಿಚ್ಚಲಿ. ಜಿಎಸ್‌ಟಿ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ನಗ್ತಾರೆ, ನಗಲಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅದಾದ ಮೇಲೆ ಅಂಗಡಿಯವನ ಮೆಸೇಜ್ ಬಂತು: “ಅಣ್ಣ, 2,000 ವಾಪಸ್ ಹಾಕ್ತೀನಿ, ದೂರು ತೆಗೆಸಿ.” ಮತ್ತೆ ಅಣ್ಣ ಆಗಿಬಿಟ್ಟೆ! ಪೂರ್ತಿ ದುಡ್ಡು ಕೊಡು, ಬೋರ್ಡ್ ಹಾಕಿಲ್ಲ ಅಂತ ಬರೆದು ಕೊಡು ಅಂದೆ. ಉತ್ತರ ಇಲ್ಲ. ಇದು ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀಸ್ ಇಲ್ಲ. ಬಳ್ಳಾರಿಯಲ್ಲಿ ಯಾರಿಗಾದರೂ ‘ಎಂಬಿ ಚೇಂಜ್’ ಅಂತ ಇದೇ ತರಹದ ಸೀಲ್ ಇಲ್ಲದ ಚೀಟಿ ಸಿಕ್ಕಿದ್ದರೆ ಬಿಸಾಡಬೇಡಿ. ಫೋಟೊ ತೆಗೆದು ನನಗೆ ಕಳಿಸಿ, ನನ್ನ ದೂರಿನ ಜೊತೆ ಸೇರಿಸುತ್ತೇನೆ.