ಕುರ್ಚಿಗೆ ಸಿಇ ಸರ್ಟಿಫಿಕೇಟ್ ಮಾಡಿಸ್ಕೊಡ್ತೀನಿ ಅಂದ್ರೆ ದುಡ್ಡು ಕೊಡ್ಬೇಡಿ

ಮೊನ್ನೆ ಪಕ್ಕದ ಶೆಡ್ಡಿನವ್ರ ಟೇಬಲ್ ಮೇಲೆ ನಂಗೆ ಮೋಸ ಮಾಡಿ ಕೊಟ್ಟಿದ್ದ ಅದೇ ಬಣ್ಣದ ಸಿಇ ಸರ್ಟಿಫಿಕೇಟ್ ನೋಡ್ದೆ (ಸಿಇ ಅಂದ್ರೆ ಮಾಲು ಯುರೋಪಿನ ಸುರಕ್ಷತೆ ನಿಯಮಕ್ಕೆ ತಕ್ಕಂಗಿದೆ ಅನ್ನೋ ಗುರುತು), ಹೊಟ್ಟೆ ಉರೀತು, ಅದಕ್ಕೆ ಬರೀತಿದೀನಿ.

ಮೈಸೂರಲ್ಲಿ ನಂದೊಂದು ಸಣ್ಣ ಫರ್ನಿಚರ್ ವರ್ಕ್‌ಶಾಪು. ಮೊದಲ್ನೇ ಸಲ ಜರ್ಮನಿಯಿಂದ ಆರ್ಡರ್ ಬಂತು, ಊಟದ ಕುರ್ಚಿ ಮತ್ತೆ ಡ್ರಾಯರ್ ಬೀರು. ಒಬ್ಬ ಕನ್ಸಲ್ಟೆಂಟ್ ಸಿಕ್ದ, ಯುರೋಪಿಗೆ ಏನೇ ಹೋದ್ರೂ ಸಿಇ ಇರ್ಲೇಬೇಕು ಸರ್ ಅಂದ, 45 ಸಾವಿರ ಇಸ್ಕೊಂಡು ನಾಲ್ಕೇ ದಿನದಲ್ಲಿ ಸೀಲು ಗೀಲು ಎಲ್ಲಾ ಇರೋ ಸರ್ಟಿಫಿಕೇಟ್ ತಂದುಕೊಟ್ಟ, ಒಂದು ಕುರ್ಚಿ ಕಾಲೂ ಅಲ್ಲಾಡಿಸಿ ನೋಡಿರ್ಲಿಲ್ಲ ಪುಣ್ಯಾತ್ಮ! ಆಗ್ಲಾದ್ರೂ ಡೌಟ್ ಬರ್ಬೇಕಿತ್ತು. ನಾನು ಪೀಸ್ ಪೀಸಿಗೂ ಸಿಇ ಸ್ಟಿಕರ್ ಅಂಟ್ಸಿ ಕಳಿಸ್ದೆ.

ಹ್ಯಾಂಬರ್ಗಲ್ಲಿ ಮಾಲು ನಿಂತೋಯ್ತು. ಬಯರ್ ಬೈದ್ಮೇಲೆ ಗೊತ್ತಾಗಿದ್ದು, ಮಾಮೂಲಿ ಮರದ ಕುರ್ಚಿ ಟೇಬಲ್ಲಿಗೆ ಸಿಇ ಅನ್ನೋದೇ ಇಲ್ಲ. ಆಟಿಕೆಗಿದೆ (ಚನ್ನಪಟ್ಟಣದವ್ರಿಗೆ ಗೊತ್ತಿರುತ್ತೆ), ಮೋಟಾರ್ ಇರೋ ರಿಕ್ಲೈನರಿಗಿದೆ. ಅನ್ವಯಿಸದೇ ಇರೋ ಮಾಲಿಗೆ ಆ ಗುರುತು ಹಾಕೋದೇ ಕಾನೂನು ಪ್ರಕಾರ ತಪ್ಪು, ಅಂದ್ರೆ ನಾನು 45 ಸಾವಿರ ಕೊಟ್ಟು ತಪ್ಪನ್ನ ಕೊಂಡ್ಕೊಂಡಿದ್ದೆ.

ನಿಜವಾಗ್ಲೂ ಪಾಲಿಸ್ಬೇಕಿದ್ದಿದ್ದು ಜಿಪಿಎಸ್ಆರ್, ಅಂದ್ರೆ ಗ್ರಾಹಕರು ಬಳಸೋ ಮಾಲಿನ ಸುರಕ್ಷತೆಗೆ ಯುರೋಪಿನ ಸಾಮಾನ್ಯ ಕಾನೂನು, 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿದೆ. ಅದರಲ್ಲಿ ಸರ್ಟಿಫಿಕೇಟ್ ಯಾರೂ ಕೊಡಲ್ಲ, ಫೈಲು ನಾವೇ ಮಾಡ್ಬೇಕು: ಈ ಮಾಲಿಂದ ಯಾರಿಗೆ ಏನು ಅಪಾಯ, ಅದಕ್ಕೆ ಏನ್ ಮಾಡಿದೀವಿ ಅಂತ. ನನ್ ಬೀರುನೇ ತಗೊಳ್ಳಿ, ಮೂರೂ ಡ್ರಾಯರ್ ಎಳ್ಕೊಂಡು ಮಗು ಮೇಲೆ ಹತ್ತಿದ್ರೆ ಮುಂದಕ್ಕೆ ಮಗುಚುತ್ತಾ? ನಾನು ಯೋಚ್ನೇನೇ ಮಾಡಿರ್ಲಿಲ್ಲ. ಆಮೇಲೆ ಅಂಗಳದಲ್ಲಿ ತೂಕ ಕಟ್ಟಿ ನೋಡಿದ್ರೆ ದಬಾರ್ ಅಂತ ಬಿತ್ತು, ಈಗ ಗೋಡೆಗೆ ಬಿಗಿಯೋ ಪಟ್ಟಿ ಇಲ್ದೆ ಒಂದೂ ಕಳ್ಸಲ್ಲ. ಲ್ಯಾಬ್ ಟೆಸ್ಟಿಗೆ ಯುರೋಪಿನ ಸ್ಟ್ಯಾಂಡರ್ಡ್ ಕೇಳಿ, ಕುರ್ಚಿದು ಇಎನ್ 12520, ಬೀರುದು ಇಎನ್ 14749. ಆ ಫೈಲು 10 ವರ್ಷ ಇಟ್ಕೋಬೇಕು. ಪೀಸ್ ಮೇಲೆ ಬ್ಯಾಚ್ ನಂಬರ್, ನಮ್ಮ ವಿಳಾಸ, ಇಮೇಲ್, ಜೊತೆಗೆ ಯುರೋಪಲ್ಲೇ ಇರೋ ಒಬ್ಬ ಜವಾಬ್ದಾರನ ಹೆಸರು ವಿಳಾಸ. ನನ್ನ ಕೇಸಲ್ಲಿ ಬಯರೇ ಒಪ್ಕೊಂಡ್ರು, ಅದನ್ನ ಅಗ್ರಿಮೆಂಟಲ್ಲಿ ಬರೆಸ್ಕೊಳ್ಳಿ. ಎಚ್ಚರಿಕೆ ಚೀಟಿ ಇಂಗ್ಲಿಷಲ್ಲಿದ್ರೆ ಸಾಲಲ್ಲ, ಜರ್ಮನಿಗೆ ಜರ್ಮನ್ನೇ.

ಸ್ಟಿಕರ್ ಕೀಳ್ಸೋ ಕೂಲಿ, ಗೋಡೌನ್ ಬಾಡಿಗೆ ಎಲ್ಲಾ ನನ್ ತಲೆ ಮೇಲೇ ಬಂತು. ಕನ್ಸಲ್ಟೆಂಟ್ ಫೋನ್ ಎತ್ತಲ್ಲ.

ಇನ್ನೊಂದು, ಡ್ರಾಯರ್ ತಳಕ್ಕೆ ಅಗ್ಗದ ಪ್ಲೈವುಡ್ ಹಾಕೋರು ನೋಡ್ಕೊಳ್ಳಿ: ಯುರೋಪಲ್ಲಿ 2026ರ ಆಗಸ್ಟ್ 6ರಿಂದ ಫಾರ್ಮಾಲ್ಡಿಹೈಡ್ (ಪ್ಲೈವುಡ್ ಅಂಟಿಂದ ಬರೋ ಕೆಟ್ಟ ಅನಿಲ) ಮಿತಿ ಒಂದು ಘನ ಮೀಟರ್ ಗಾಳಿಗೆ 0.062 ಮಿಲಿಗ್ರಾಂ. ಶೀಟ್ ಕೊಡೋನ ಹತ್ರ ರಿಪೋರ್ಟ್ ಕೇಳಿ, ಕೊಡ್ಲಿಲ್ಲ ಅಂದ್ರೆ ಬೇರೆ ಅಂಗಡಿ ನೋಡಿ.