ಎಂಟಿಆರ್: ಗಟ್ಟಿ ಸಾಧನ, ಆದರೆ ಆ ಲಾಸ್ ಕಾಲಂ ತಿದ್ದಲೇಬೇಕು

ಮೈಸೂರು, ಮಂಡ್ಯದಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಸಂಜೆ ಹೊತ್ತು ವಿಡಿಯೋ ಕಾಲ್ ತುಂಡಾಗುವುದು ಹೊಸದೇನಲ್ಲ. ಸ್ಪೀಡ್ ಟೆಸ್ಟ್ ಮಾಡಿದರೆ ನಂಬರ್ ಚೆನ್ನಾಗೇ ಬರುತ್ತದೆ. ಪ್ಯಾಕೆಟ್, ಅಂದರೆ ನೆಟ್‌ನಲ್ಲಿ ಹೋಗುವ ಮಾಹಿತಿಯ ತುಣುಕು, ಎಲ್ಲಿ ಬಿದ್ದುಹೋಗುತ್ತಿದೆ ಎಂದು ಹುಡುಕಲು ಎಂಟಿಆರ್‌ನಷ್ಟು ಕೈಗೆ ಒದಗುವ ಉಚಿತ ಕಮಾಂಡ್ ಇನ್ನೊಂದಿಲ್ಲ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು.

ಪ್ಯಾಕೆಟ್ ಎಷ್ಟು ರೂಟರ್‌ವರೆಗೆ ಹೋಗಬಹುದು ಎಂಬ ಎಣಿಕೆಯೇ ಟಿಟಿಎಲ್. ಟಿಟಿಎಲ್ 1 ಇರುವ ಪ್ಯಾಕೆಟ್ ಮೊದಲ ರೂಟರಿನಲ್ಲೇ ಮುಗಿಯುತ್ತದೆ, 2 ಇದ್ದದ್ದು ಎರಡನೆಯದರಲ್ಲಿ. ಮುಗಿಸಿದ ರೂಟರೇ ಸುದ್ದಿ ವಾಪಸ್ ಕಳಿಸುವುದರಿಂದ ದಾರಿ ಗೊತ್ತಾಗುತ್ತದೆ. ಇದೇ ಉಪಾಯದ ಹಳೆಯ ಕಮಾಂಡ್ ಟ್ರೇಸ್‌ರೂಟ್ ಹಾಪ್‌ಗೆ (ದಾರಿಯ ಒಂದೊಂದು ರೂಟರ್ ಹಂತಕ್ಕೆ) ಮೂರೇ ಸಲ ಕೇಳಿ ಸುಮ್ಮನಾಗುತ್ತದೆ. 1997ರಲ್ಲಿ ಮ್ಯಾಟ್ ಕಿಂಬಲ್ ಬರೆದ ಎಂಟಿಆರ್ ಸೆಕೆಂಡಿಗೊಂದು ಸುತ್ತು ಕೇಳುತ್ತಲೇ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಬರುವ ತೊಂದರೆ ಸಿಕ್ಕಿಬೀಳುವುದು ಹೀಗೇ.

ಉಬುಂಟು ಲಿನಕ್ಸ್‌ನಲ್ಲಿ ಎಂಟಿಆರ್-ಟೈನಿ ಪ್ಯಾಕೇಜ್ ಹಾಕಿಕೊಳ್ಳಿ. ಆರ್, ಡಬ್ಲ್ಯು, ಬಿ, ಝಡ್ ಎಂಬ ನಾಲ್ಕು ಇಂಗ್ಲಿಷ್ ಸಣ್ಣಕ್ಷರದ ಆಯ್ಕೆ, ಜೊತೆಗೆ ನೂರು ಸುತ್ತಿಗಾಗಿ ಸಿ 100 (-rwbzc 100) ಕೊಟ್ಟು ಓಡಿಸಿ. ರಿಪೋರ್ಟ್‌ನಲ್ಲಿ ಹೆಸರು, ಐಪಿ, ಎಎಸ್ ನಂಬರ್ (ರೂಟರ್ ಯಾರ ಜಾಲದ್ದು ಎಂಬ ಗುರುತು) ಮೂರೂ ಬರುತ್ತವೆ, ಎರಡು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಸಿ ಕೊಡದಿದ್ದರೆ ಹತ್ತೇ ಪ್ಯಾಕೆಟ್ ಹೋಗುತ್ತದೆ, ಅದು ಏನಕ್ಕೂ ಸಾಲದು.

ಈಗ ತಕರಾರು. 4ನೇ ಹಾಪ್‌ನಲ್ಲಿ 60% ಲಾಸ್, 5ರಿಂದ ಕೊನೆಯವರೆಗೆ 0% ಎಂದು ಬಂತು ಅಂದುಕೊಳ್ಳಿ. ನೋಡಿದವರು ಗಾಬರಿಯಾಗಿ ದೂರು ಕೊಡುತ್ತಾರೆ. ಅಲ್ಲಿ ನಷ್ಟವೇ ಇಲ್ಲ. ಆ ರೂಟರ್ ನಿಮ್ಮ ಪ್ಯಾಕೆಟ್ಟನ್ನು ಸರಿಯಾಗಿಯೇ ಮುಂದೆ ಸಾಗಿಸುತ್ತಿದೆ, ಉತ್ತರ ಬರೆಯುವ ಕೆಲಸಕ್ಕೆ ಮಾತ್ರ ಮಿತಿ ಹಾಕಿಕೊಂಡಿದೆ. ನಷ್ಟ ಒಂದು ಹಾಪ್‌ನಲ್ಲಿ ಶುರುವಾಗಿ ಕೊನೆಯ ಸಾಲಿನ ತನಕ ಉಳಿದರೆ ಮಾತ್ರ ನಿಜವಾದದ್ದು. ಈ ಲೆಕ್ಕವನ್ನು ಎಂಟಿಆರ್ ತಾನೇ ಮಾಡಿ, ಮುಂದುವರಿಯದ ನಷ್ಟವನ್ನು ಬೇರೆ ಗುರುತಿನಲ್ಲಿ ತೋರಿಸಬೇಕು. ಬೇಕಾದ ಅಂಕಿ ಎಲ್ಲವೂ ಅದರ ಕೈಯಲ್ಲೇ ಇದೆ!

ನಷ್ಟ ಮೊದಲ ಹಾಪ್‌ನಿಂದಲೇ ಕೊನೆತನಕ ಇದ್ದರೆ ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ಮತ್ತೆ ನೋಡಿ. ಎರಡನೆಯದರಿಂದ ಶುರುವಾದರೆ ಫೈಬರ್ ಮೋಡೆಮ್‌ನ ಪುಟದಲ್ಲಿ ಆಪ್ಟಿಕಲ್ ಪವರ್ ನೋಡಬೇಕು. ಅದು -27 ಡಿಬಿಎಂ (ಬೆಳಕಿನ ಬಲದ ಅಳತೆ) ಹತ್ತಿರ ಇದ್ದರೆ ಕಂಬದ ಮೇಲಿನ ಕೇಬಲ್ ಮಡಚಿದೆ ಅಥವಾ ಕನೆಕ್ಟರ್ ಕೊಳೆಯಾಗಿದೆ ಎಂದು ಅನುಮಾನಿಸಿ, ಲೈನ್‌ಮನ್‌ಗೆ ಆ ಅಂಕಿಯನ್ನೇ ಹೇಳಿ.

ಸಮಯದ ಕಾಲಮ್ಮಿಗೂ ಒಂದು ಅಳತೆ ಇಟ್ಟುಕೊಳ್ಳಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರು ಮೈಸೂರಿನಿಂದ ಸುಮಾರು 145 ಕಿಲೋಮೀಟರ್, ಹೋಗಿಬರಲು ಒಂದೂವರೆ ಮಿಲಿಸೆಕೆಂಡ್ ಸಾಕು. ಬೆಂಗಳೂರಿನಲ್ಲೇ ಇರುವ ಸರ್ವರಿಗೆ 40 ತೋರಿಸಿದರೆ ದಾರಿ ಸುತ್ತುಹಾಕಿದೆ, ಇಲ್ಲವೇ ಎಲ್ಲೋ ಲಿಂಕ್ ತುಂಬಿದೆ. ಬೆಸ್ಟ್ (ಅತಿ ಕಡಿಮೆ ಸಮಯದ) ಕಾಲಮ್ಮಿನಲ್ಲೇ 40 ಇದ್ದರೆ ಬಹುತೇಕ ಸುತ್ತು. ಬೆಸ್ಟ್ 4, ವರ್ಸ್ಟ್ 200 ಇದ್ದರೆ ತುಂಬಿದ ಲಿಂಕ್. ರಾತ್ರಿ 9ಕ್ಕೊಂದು, ಬೆಳಿಗ್ಗೆ 6ಕ್ಕೊಂದು ರಿಪೋರ್ಟ್ ತೆಗೆದರೆ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಇನ್ನೊಂದು ಕೊರತೆ: ಒಂದೇ ಹಾಪ್‌ನಲ್ಲಿ ಎರಡು ಮೂರು ರೂಟರ್ ಹೊರೆ ಹಂಚಿಕೊಂಡಾಗ ಎಂಟಿಆರ್ ಎಲ್ಲ ವಿಳಾಸ ತೋರಿಸಿದರೂ ಅಂಕಿಗಳನ್ನು ಒಂದೇ ಸಾಲಿಗೆ ಸೇರಿಸಿಬಿಡುತ್ತದೆ. ಅವುಗಳಲ್ಲಿ ಕೆಟ್ಟದ್ದು ಯಾವುದೆಂದು ತಿಳಿಯದು. ಎಲ್ಲ ಪ್ಯಾಕೆಟ್ಟೂ ಒಂದೇ ದಾರಿ ಹಿಡಿಯುವಂತೆ ಹೆಡರ್ (ಪ್ಯಾಕೆಟ್ಟಿನ ಮೇಲಿನ ವಿಳಾಸದ ಭಾಗ) ಸ್ಥಿರವಾಗಿಡುವ ಉಪಾಯವನ್ನು ಪ್ಯಾರಿಸ್ ಟ್ರೇಸ್‌ರೂಟ್ ಎಂಬ ಸಾಧನ 2006ರಲ್ಲೇ ತೋರಿಸಿದೆ. ಎಂಟಿಆರ್ ಕೂಡ ಅದನ್ನು ತೆಗೆದುಕೊಳ್ಳಬೇಕು.

ಐಸಿಎಂಪಿ (ಎಂಟಿಆರ್ ಸಾಮಾನ್ಯವಾಗಿ ಕಳಿಸುವ ಬಗೆಯ ಪ್ಯಾಕೆಟ್) ತಡೆಯುವ ಆಫೀಸ್ ವಿಪಿಎನ್ ಸರ್ವರಿಗೆ ಟಿಸಿಪಿ ಬಗೆಯ ಪ್ಯಾಕೆಟ್ ಕಳಿಸಲು ದೊಡ್ಡಕ್ಷರದ ಟಿ, ಪೋರ್ಟ್ ನಂಬರಿಗೆ ದೊಡ್ಡಕ್ಷರದ ಪಿ 443 ಕೊಡಿ. ಸಣ್ಣಕ್ಷರಕ್ಕೆ ಬೇರೆಯೇ ಅರ್ಥವಿದೆ. ವಾಪಸ್ ಬರುವ ದಾರಿ ಇದರಲ್ಲಿ ಕಾಣುವುದಿಲ್ಲ, ಅದು ಬೇರೆಯೇ ಇರಬಹುದು. ಆದ್ದರಿಂದ ಆಚೆ ಕಡೆಯವರಿಂದ ನಿಮ್ಮ ಪಬ್ಲಿಕ್ ಐಪಿಗೆ ಒಂದು ರಿಪೋರ್ಟ್ ತರಿಸಿ, ಎರಡನ್ನೂ ಸೇರಿಸಿಯೇ ದೂರಿನ ಜೊತೆ ಕಳಿಸಿ.